ಚಿರೆಕಲ್ಲಿನ ಗೋಡೆಗೆ ಸ್ಟೀಲ್ ತಗಡು ಕೂರಿಸೋದು ಹೇಗೆ?

ಕಾಜುಬಾಗ್‌ಕಾರ (ಕಾರವಾರ)
ಗ್ಯಾಸ್ ಒಲೆಯ ಹಿಂದಿನ ಗೋಡೆಗೆ ಸ್ಟೀಲ್ ತಗಡು ಹಾಕಿಸಬೇಕು ಅಂತಿದ್ದೇನೆ. ಎಂಟಡಿ ಉದ್ದ, ನಾಲ್ಕಡಿ ಅಗಲದ್ದು ಒಂದೇ ಸಾಕು. ಗೋಡೆ ಹಳೆಯ ಚಿರೆಕಲ್ಲಿನದು (ಕೆಂಪು ಜಂಬಿಟ್ಟಿಗೆ ಕಲ್ಲು), ಮೇಲೆ ಸಿಮೆಂಟ್ ಗಾರೆ. ಕೈಯಾಡಿಸಿದರೆ ಪುಡಿ ಉದುರುತ್ತದೆ, ಮಳೆಗಾಲದಲ್ಲಿ ಪಸೆ ಬೇರೆ. ತಗಡಿನವರು "ಸಿಲಿಕಾನ್ ಹಚ್ಚಿ ಒತ್ತಿದರೆ ಆಯ್ತು" ಅಂತಾರೆ. ನನಗೆ ಧೈರ್ಯ ಬರ್ತಿಲ್ಲ.

ಅಂಕೋಲೆಯಿಂದ
ಸಿಲಿಕಾನ್ ತಗಡನ್ನೇನೋ ಹಿಡಿಯುತ್ತದೆ ಮಾರಾಯ್ರೇ, ಗಾರೆ ಗೋಡೆಯನ್ನು ಹಿಡಿದುಕೊಂಡಿರಬೇಕಲ್ಲ! ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಕಿತ್ತು ಹೊಸದಾಗಿ ಹಚ್ಚಿಸಿ. ಆಮೇಲೆ ಒಂದೂವರೆ ಅಡಿಗೊಂದರಂತೆ ಜಿಐ ಚಾನೆಲ್ (ಸತು ಲೇಪಿಸಿದ ಕಬ್ಬಿಣದ ಪಟ್ಟಿ) ನಿಲ್ಲಿಸಿ. ಮರದ ರೀಪು ಬೇಡ, ಒಲೆಯ ಹಿಂದೆ ಅಲ್ವಾ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿಯೇ ತೂತು ಹಾಕಿಸಿ, ಇಲ್ಲದಿದ್ದರೆ ಚಿರೆಕಲ್ಲು ಒಳಗೇ ಒಡೆದು ತೂತು ದೊಡ್ಡದಾಗುತ್ತದೆ. ಪುಡಿ ಊದಿ ತೆಗೆಯಿರಿ. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಗಾರೆಯಲ್ಲೇ ನಿಂತರೆ ಪ್ರಯೋಜನವಿಲ್ಲ, ಕಲ್ಲಿನೊಳಗೆ ಹೋಗಬೇಕು, ಅದಕ್ಕೆ ಉದ್ದದ ಸ್ಕ್ರೂ ತನ್ನಿ.

ಶಿರಸಿ ಭಾವ
ಮೇಲಿನವರು ಹೇಳಿದ್ದು ಸರಿ. ಆದರೆ ಚಾನೆಲ್ ಮೇಲೆ ನೇರ ತಗಡು ಹಾಕಿದರೆ ಪಾತ್ರೆ ತಾಗಿದಾಗಲೆಲ್ಲ ಡಬಡಬ ಅನ್ನುತ್ತದೆ. ನಡುವೆ ಸಿಮೆಂಟ್ ಬೋರ್ಡ್ ಹಾಕಿ, ಅದರ ಮೇಲೆ ತಗಡು. ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ, ನ್ಯೂಟ್ರಲ್ ಅಂತ ಕೇಳಿ ತನ್ನಿ. ಹುಳಿ ಜಾತಿಯದು ಜಿಐ ಮೇಲಿನ ಸತುವನ್ನು ತಿನ್ನುತ್ತದೆ. ಅಂಚಿಗೆ ನಾಲ್ಕಾರು ಸ್ಕ್ರೂ ಇರಲಿ. ತಗಡಿನ ತೂತು ಸ್ಕ್ರೂವಿಗಿಂತ ತುಸು ದೊಡ್ಡದಿರಬೇಕು, ಯಾಕಂದ್ರೆ 30 ಡಿಗ್ರಿ ಬಿಸಿ ಏರಿದರೆ ಎಂಟಡಿ ತಗಡು ಒಂದು ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಬಿಗಿದಿಟ್ಟರೆ ಉಬ್ಬಿ ನಿಲ್ಲುತ್ತದೆ. ಇನ್ನೊಂದು ಸಣ್ಣ ವಿಷಯ. ಅಂಚಿನ ಪ್ಲಾಸ್ಟಿಕ್ ಹಾಳೆ ಸುಲಿದ ಮೇಲೆಯೇ ಸ್ಕ್ರೂ ಹಾಕಿ. ವಾಷರ್ ಅಡಿ ಸಿಕ್ಕಿಕೊಂಡರೆ ಉಗುರಲ್ಲಿ ಕೆರೆಯುತ್ತಾ ಕೂರಬೇಕು.

ಕಾಜುಬಾಗ್‌ಕಾರ
ಸಮುದ್ರ ಹತ್ತಿರ ಇದೆ, 304 ಗ್ರೇಡಿನ ಸ್ಟೀಲ್ ಸಾಕಾ? ಅದೇ ಗೋಡೆಯಲ್ಲಿ ಮಿಕ್ಸರಿನ ಪ್ಲಗ್ ಪಾಯಿಂಟ್ ಕೂಡ ಇದೆ.

ಅಂಕೋಲೆಯಿಂದ
ಒಳಗಡೆ ಅಲ್ವಾ, ಆಗಾಗ ಒರೆಸುತ್ತಿದ್ದರೆ 304 ಸಾಕು. 316 ಉಪ್ಪುಗಾಳಿಗೆ ಇನ್ನೂ ಗಟ್ಟಿ, ರೇಟೂ ಹಾಗೇ. ಸ್ಕ್ರೂ ಮಾತ್ರ ಸ್ಟೀಲಿನದೇ ಆಗಲಿ. ಸಾದಾ ಸ್ಕ್ರೂ ತುಕ್ಕು ಹಿಡಿದು ಕೆಂಪು ಗೆರೆ ಇಳಿಸುತ್ತದೆ. ಪ್ಲಗ್ ಪಾಯಿಂಟನ್ನು ಆಚೆ ಸರಿಸಲು ಆಗುತ್ತದಾ ನೋಡಿ. ಆಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ತಗಡಿಗೂ ಅರ್ಥಿಂಗ್ ಕೊಡಿಸಿ, ಕೊಯ್ದ ಅಂಚು ವೈರಿಗೆ ತಾಗದ ಹಾಗೆ ರಬ್ಬರ್ ಹಾಕಿಸಿ. ವೈರ್ ಎಲ್ಲಿ ಹೋಗಿದೆ ಅಂತ ತಿಳಿಯದೆ ಡ್ರಿಲ್ ಮುಟ್ಟಬೇಡಿ. ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಪಸೆ ಇರುವ ಗೋಡೆ ಮುಚ್ಚಿದರೆ ಹಿಂದೆ ಬೂಷ್ಟು ಬೆಳೆಯುತ್ತದೆ.