ಪುಟ್ಟಿ ಅಳುವ ಹಾಡಿನ ವಿಷಯ

ಭಾವ, ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ್ದನ್ನು ಈಗಷ್ಟೇ ನೋಡಿದೆ. "ಪುಟ್ಟಿ ಯಾವುದೋ ಕೊರಿಯಾ ಹುಡುಗರ ಹಾಡು ಕೇಳಿಕೊಂಡು ಅಳುತ್ತಾ ಕೂತಿದ್ದಾಳೆ, ಒಂದಕ್ಷರ ಅರ್ಥ ಆಗಲ್ಲ, ಇವಳಿಗೇನು ತಲೆ ಕೆಟ್ಟಿದೆಯಾ" ಅಂತ ಕೇಳಿದ್ದೀರಿ. ಎಲ್ಲರೂ ನಗುವ ಮುಖ ಒತ್ತಿ ಸುಮ್ನಾಗಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಆ ಹಾಡು ನನಗೆ ಗೊತ್ತು. ನಮ್ಮ ಮನೆಯಲ್ಲೂ ಎರಡು ವರ್ಷ ಅದೇ ಓಡಿದೆ. ಬಿಟಿಎಸ್ ಅಂತ ಏಳು ಹುಡುಗರ ಗುಂಪು. ಹಾಡಿನ ಹೆಸರು 'ಬೊಮ್ನಾಲ್'. ಬೊಮ್ ಅಂದರೆ ವಸಂತ, ನಾಲ್ ಅಂದರೆ ದಿನ. ಹೊರಗಿನವರು 'ಸ್ಪ್ರಿಂಗ್ ಡೇ' ಅನ್ನುತ್ತಾರೆ. 2017ರ ಫೆಬ್ರವರಿ 13ಕ್ಕೆ ಬಂತು. ಅಲ್ಲಿ ಆಗಿನ್ನೂ ಹಿಮದ ಕಾಲ. ನಮಗೆ ವಸಂತ ಅಂದರೆ ಮಾವಿನ ಚಿಗುರು, ಯುಗಾದಿ, ಆಮೇಲೆ ಬರೀ ಸೆಕೆ. ಅವರಿಗೆ ವಸಂತ ಅಂದರೆ ಹಿಮ ಕರಗಿ ಮನೆಯಿಂದ ಹೊರಗೆ ಬರುವುದು. ಹಾಗಾಗಿ ಆ ಪದದಲ್ಲೇ ಅವರಿಗೆ ಒಂದು ಕಾಯುವಿಕೆ ಇದೆ.

ಈಗ ಅರ್ಥದ ಮಾತು. ಹಾಡು ಶುರುವಾಗುವುದೇ 'ಬೊಗೊ ಶಿಪ್ತಾ' ಅಂತ. ಇಂಗ್ಲಿಷಿನವರು ಅದನ್ನು 'ಮಿಸ್ ಯೂ' ಅಂತ ಮಾಡಿದ್ದಾರೆ. ಆದರೆ ಕೊರಿಯನ್‌ನಲ್ಲಿ ಬಿಡಿಸಿ ನೋಡಿದರೆ, 'ನೋಡಬೇಕು ಅನ್ನಿಸುತ್ತಿದೆ' ಅಂತ. ಅಷ್ಟೇ! ಹಾಸ್ಟೆಲಿಗೆ ಹೋದಾಗ ನಾನು ಅಮ್ಮನಿಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದದ್ದು ಇದನ್ನೇ ತಾನೆ? ಮಿಸ್ ಗಿಸ್ ಎಲ್ಲ ನಮಗೆಲ್ಲಿ ಗೊತ್ತಿತ್ತು. "ನಿನ್ನನ್ನು ನೋಡಬೇಕು ಅನ್ನಿಸ್ತಿದೆ ಅಮ್ಮಾ" ಅಂತ ಬರೆದರೆ ಮುಗಿಯಿತು, ಆ ವಾರ ಅಪ್ಪ ಬಸ್ಸು ಹತ್ತುತ್ತಿದ್ದರು. ಮಗಳು ಇದನ್ನು ಹೇಳಿದ ದಿನ ನಾನು ತರಕಾರಿ ಹೆಚ್ಚುವುದು ಬಿಟ್ಟು ಕೂತು ಕೇಳಿದೆ. ಹಾಗೆ ಹೇಳಿದ ಮೇಲೆ ಇನ್ನೂ ಜಾಸ್ತಿ ನೋಡಬೇಕು ಅನ್ನಿಸುತ್ತದೆ ಅಂತ ಮುಂದಿನ ಸಾಲು. ನಿಜ ಅಲ್ವಾ?

ಇನ್ನೊಂದು ವಿಷಯ ಇದೆ, ಅದನ್ನು ಹೇಳದೆ ಬಿಟ್ಟರೆ ಆಗುವುದಿಲ್ಲ. 2014ರ ಏಪ್ರಿಲ್ 16ಕ್ಕೆ ದಕ್ಷಿಣ ಕೊರಿಯಾದಲ್ಲಿ ಸೆವೊಲ್ ಅನ್ನುವ ಹಡಗು ಮುಳುಗಿತು. ಇಂಚೆಯಾನ್‌ನಿಂದ ಜೇಜು ದ್ವೀಪಕ್ಕೆ ಹೊರಟಿತ್ತು. 304 ಜನ ತೀರಿಕೊಂಡರು. ಅದರಲ್ಲಿ 250 ಮಕ್ಕಳು ಒಂದೇ ಶಾಲೆಯವರು, ಆನ್‌ಸಾನ್ ಊರಿನ ಡಾನ್‌ವನ್ ಹೈಸ್ಕೂಲು, ಟೂರ್‌ಗೆ ಹೊರಟಿದ್ದವರು. ಹಡಗು ವಾಲುತ್ತಿದ್ದರೂ "ಇದ್ದಲ್ಲೇ ಇರಿ" ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದರಂತೆ. ಮಕ್ಕಳು ಮಾತು ಕೇಳಿದವು. ಕ್ಯಾಪ್ಟನ್ ತಪ್ಪಿಸಿಕೊಂಡು ಬಂದ. ಭಾವ, ನೀವು ಮೇಷ್ಟ್ರಾಗಿದ್ದವರು, ಪ್ರತಿ ಡಿಸೆಂಬರ್‌ಗೆ ಮಕ್ಕಳನ್ನು ಬೇಲೂರು ಹಳೇಬೀಡು ಅಂತ ಕರೆದುಕೊಂಡು ಹೋದವರು. ನಿಮಗೆ ನಾನು ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಆ ಮಕ್ಕಳ ನೆನಪಿಗೆ ಅಲ್ಲಿ ಹಳದಿ ರಿಬ್ಬನ್ ಕಟ್ಟುತ್ತಾರೆ. ಈ ಹಾಡಿನ ವಿಡಿಯೋದಲ್ಲಿ ಜಾತ್ರೆಯಲ್ಲಿರುವಂಥ ಕುದುರೆ ತಿರುಗಣಿ ಬರುತ್ತದೆ, ಅದಕ್ಕೆ ಹಳದಿ ರಿಬ್ಬನ್ ಕಟ್ಟಿದೆ. ಸಮುದ್ರದ ದಡದಲ್ಲಿ ಒಂದು ಜೊತೆ ಶೂ ಬಿದ್ದಿರುತ್ತದೆ, ಒಬ್ಬ ಹುಡುಗ ಅದನ್ನು ಎತ್ತಿಕೊಳ್ಳುತ್ತಾನೆ. ನೋಡಿದವರೆಲ್ಲ ಇದು ಸೆವೊಲ್ ಮಕ್ಕಳಿಗೇ ಅಂದುಕೊಂಡರು. ಹುಡುಗರು ಬಾಯಿಬಿಟ್ಟು ಹೌದು ಅನ್ನಲಿಲ್ಲ. 2020ರಲ್ಲಿ ಅವರಲ್ಲಿ ದೊಡ್ಡವನು, ಜಿನ್ ಅಂತ, ಒಂದು ಸಂದರ್ಶನದಲ್ಲಿ ಅದು ಒಂದು ದುಃಖದ ಘಟನೆಯ ಬಗ್ಗೆಯೂ ಹೌದು, ಹಂಬಲದ ಬಗ್ಗೆಯೂ ಹೌದು ಅನ್ನುವ ಹಾಗೆ ಹೇಳಿ ಬಿಟ್ಟ. ಆದರೆ ಹಾಡು ಬರುವ ಮುಂಚೆ, 2017ರ ಜನವರಿಯಲ್ಲೇ, ಸತ್ತ ಮಕ್ಕಳ ಮನೆಯವರಿಗೆ ಇವರೂ ಇವರ ಕಂಪನಿಯೂ ಸೇರಿ 10 ಕೋಟಿ ವನ್ ಕೊಟ್ಟಿದ್ದರು. ವನ್ ಅಂದರೆ ಅವರ ದುಡ್ಡು, ನಮ್ಮ ರೂಪಾಯಿ ಅಂದುಕೊಂಡು ಗಾಬರಿ ಆಗಬೇಡಿ.

ಪ್ರಶಸ್ತಿ ಗಿಶಸ್ತಿ ಬಂದಿದೆ, ಅದು ಬಿಡಿ. ಅಲ್ಲಿಯ ಮೆಲಾನ್ ಅನ್ನುವ ಹಾಡಿನ ಪಟ್ಟಿಯಿಂದ ಇದು ವರ್ಷಗಟ್ಟಲೆ ಇಳಿಯಲೇ ಇಲ್ಲ. ಕುಣಿಯುವ ಹಾಡು ಎರಡು ತಿಂಗಳಿಗೆ ಹಳಸುತ್ತದೆ, ಇದು ಹಳಸಲಿಲ್ಲ. ಲಿಪ್‌ಸ್ಟಿಕ್ ಹಚ್ಚಿಕೊಂಡ ಹುಡುಗರು ಅಂತ ನಾನೂ ಮೊದಲು ನಕ್ಕವಳೇ. ಸಾಹಿತ್ಯದಲ್ಲಿ ಅವರಲ್ಲೇ ಇಬ್ಬರ ಕೈ ಇದೆ, ಆರ್‌ಎಂ ಮತ್ತು ಶುಗಾ. ಆಗ ಅವರಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ನೀವು ಆ ವಯಸ್ಸಿನಲ್ಲಿ ಹಿಂದಿ ಒಂದು ಮಾತು ಬಾರದೆ ರೇಡಿಯೋ ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದಿರಿ ಅಂತ ಅಕ್ಕ ಹೇಳಿದ್ದಾಳೆ, ನೆನಪಿರಲಿ.

ಇನ್ನು ಪುಟ್ಟಿ ಯಾಕೆ ಅಳುತ್ತಾಳೆ ಅಂತ. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಹೋದ ಜೂನ್‌ನಲ್ಲಿ ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ಕಲಬುರಗಿಗೆ ಹೋದಳಲ್ಲ? ಮೊದಮೊದಲು ದಿನಾ ಫೋನು. ಆಮೇಲೆ ವಾರಕ್ಕೊಮ್ಮೆ. ಈ ಸಲ ಇವಳ ಹುಟ್ಟುಹಬ್ಬಕ್ಕೆ ಮಾರನೇ ದಿನ ಒಂದು ಮೆಸೇಜು ಬಂತಂತೆ, ಅಷ್ಟೇ. ದೀಪಾವಳಿಗೆ ಇಲ್ಲಿ ಬಂದಾಗ ಹೂ ಕಟ್ಟುತ್ತಾ ಹೇಳಿದಳು. ಈ ಹಾಡಿನಲ್ಲಿ ಅದೇ ಇದೆ, ಬದಲಾದದ್ದು ನೀನಾ ನಾನಾ ಅಂತ ಒಬ್ಬ ಗೆಳೆಯನನ್ನು ಕೇಳುತ್ತಾನೆ. ಅವಳಿಗೆ ಅರ್ಥ ಆಗಿದೆ ಭಾವ, ನಮಗೇ ಆಗಿರಲಿಲ್ಲ.

ಇವತ್ತು ರಾತ್ರಿ ಅವಳ ಪಕ್ಕ ಕೂತು ಆ ವಿಡಿಯೋ ತೋರಿಸು ಅನ್ನಿ. ಕೊನೆವರೆಗೂ ನೋಡಿ. ಎಲೆ ಇಲ್ಲದ ಒಂದು ಮರ ಬರುತ್ತದೆ, ಅದರ ಕೊಂಬೆಗೆ ಆ ಶೂ ನೇತು ಹಾಕಿರುತ್ತದೆ. ಆಗ ಏನೂ ಮಾತಾಡಬೇಡಿ. ಮತ್ತೆ ಕಲಬುರಗಿ ವಿಷಯ ನಾನು ಹೇಳಿದೆ ಅಂತ ಅವಳಿಗೆ ಗೊತ್ತಾಗಬಾರದು.

ಅಯ್ಯೋ, ಇರಿ, ಪುಟ್ಟಿಯೂ ಈ ಗ್ರೂಪಿನಲ್ಲಿದ್ದಾಳಾ? ಅಕ್ಕಾ, ಕಳಿಸಿದ ಮೇಲೆ ಇದನ್ನು ಅಳಿಸೋದು ಹೇಗೆ ಹೇಳೇ?