ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕಲೇಗೆ ಹಾಯಿದೋಣಿಯಲ್ಲಿ, ಮೂರೇ ಜನ

ಪ್ರಶ್ನೆ: ನಮ್ಮದು 30 ಅಡಿ ದೋಣಿ. ಸುಮಾರು 40 ಕಿ.ಮೀ. ಅಷ್ಟೇ ಅಲ್ವಾ, ಭಯ ಇರೋದು ಹಡಗುಗಳದ್ದು. ನೀರಿನ ಸೆಳೆತ ಪಕ್ಕಕ್ಕೆ ಎಳೆದರೆ ದೋಣಿಯ ಮೂತಿ ತಿರುಗಿಸಿ ಸರಿ ಮಾಡಿಕೊಳ್ಳಬೇಕಾ?

ಉತ್ತರ: ಲೇನ್ (ಹಡಗುಗಳು ಒಂದೇ ದಿಕ್ಕಿಗೆ ಸಾಗೋ ಸಮುದ್ರದ ದಾರಿ) ಒಳಗೆ ಬೇಡ. ಮೂತಿ ಲೇನ್‌ಗೆ ನೇರ ಅಡ್ಡಕ್ಕೇ ಇರಲಿ. ಜಿಪಿಎಸ್‌ನಲ್ಲಿ ದಾರಿ ಸೊಟ್ಟ ಕಂಡರೆ ಕಾಣಲಿ ಬಿಡಿ, ಸಮುದ್ರದಲ್ಲಿ ಡಿಕ್ಕಿ ತಪ್ಪಿಸೋ ಅಂತರರಾಷ್ಟ್ರೀಯ ನಿಯಮಗಳಲ್ಲಿ 10ನೇ ನಿಯಮ ಕೇಳೋದು ಮೂತಿಯ ದಿಕ್ಕನ್ನೇ. ಇಂಗ್ಲೆಂಡ್ ಕಡೆಯ ಲೇನ್‌ನಲ್ಲಿ ಹಡಗು ಎಡದಿಂದ ಬರುತ್ತವೆ, ಫ್ರಾನ್ಸ್ ಕಡೆ ಬಲದಿಂದ. ಹಾಯಿ ಇದೆ ಅಂತ ಜಂಬ ಬೇಡ, ಅಲ್ಲಿ ಅವಕ್ಕೆ ಅಡ್ಡಿಯಾಗಬಾರದು. ಗಾಳಿ ಬಿದ್ದರೆ ಸುಮ್ನೆ ಎಂಜಿನ್ ಹಾಕಿ.

ಇನ್ನೊಬ್ಬರು: ಒಬ್ಬರಿಗೆ ಕೈ ದಿಕ್ಸೂಚಿ ಕೊಟ್ಟು ಕೂರಿಸಿ. ಹಡಗು ಹತ್ತಿರ ಬರ್ತಾ ಇದ್ದೂ ಅದು ಕಾಣೋ ದಿಕ್ಕಿನ ಡಿಗ್ರಿ ಬದಲಾಗದಿದ್ದರೆ ಡಿಕ್ಕಿಯೇ.

ಪ್ರಶ್ನೆ ಕೇಳಿದವರು: ಡೋವರ್ ಬಂದರಿನಿಂದ ಹೊರಡೋಕೆ ಅನುಮತಿ ಬೇಕಾ?

ಉತ್ತರ: ಬೇಕು. ವಿಎಚ್‌ಎಫ್ ರೇಡಿಯೋದ 74ನೇ ಚಾನೆಲ್‌ನಲ್ಲಿ ಬಂದರಿನವರನ್ನು ಕೇಳಿ. ಫೆರಿಗಳ ಕಾಟ ಜಾಸ್ತಿ.