ಸಹಾಯ ಬೇಕು: ಕುಕೀ ಮೇಲಿನ ಕೆಂಪು ಐಸಿಂಗ್ ಬಿಳಿಗೆ ಹರಡುತ್ತಿದೆ

ಹಬ್ಬಕ್ಕೆ ನಕ್ಷತ್ರದ ಬಟರ್ ಕುಕೀ ಮಾಡಿದ್ದಾಗಿದೆ. 225 ಗ್ರಾಂ ಬೆಣ್ಣೆ, 200 ಗ್ರಾಂ ಸಕ್ಕರೆ, 1 ಮೊಟ್ಟೆ, 400 ಗ್ರಾಂ ಮೈದಾ. ಬೇಕಿಂಗ್ ಪೌಡರ್ ಹಾಕಿಲ್ಲ, ಕತ್ತರಿಸಿದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟಿದ್ದರಿಂದ ಮೂಲೆಗಳು ಚೂಪಾಗಿಯೇ ಉಳಿದಿವೆ.

ಕೈಕೊಡುತ್ತಿರುವುದು ರಾಯಲ್ ಐಸಿಂಗ್ (ಆರಿದ ಮೇಲೆ ಗಟ್ಟಿಯಾಗುವ ಸಕ್ಕರೆ ಲೇಪ). 450 ಗ್ರಾಂ ಐಸಿಂಗ್ ಸಕ್ಕರೆಗೆ 3 ದೊಡ್ಡ ಚಮಚ ಮೆರಿಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಭಾಗದ ಪುಡಿ), 75 ಮಿ.ಲೀ. ನೀರು. ಆಮೇಲೆ ಹನಿಹನಿಯಾಗಿ ನೀರು ಸೇರಿಸಿ, ಚಾಕುವಿನಲ್ಲಿ ಎಳೆದ ಗೆರೆ 12 ಸೆಕೆಂಡಿಗೆ ಮುಚ್ಚಿಕೊಳ್ಳುವ ಹದಕ್ಕೆ ತಂದದ್ದು. ಬಿಳಿ ಪದರ ಒಂದು ಗಂಟೆ ಆರಿದ ಮೇಲೆ ಕೆಂಪು ಗೆರೆ ಎಳೆದರೆ, ಬೆಳಗಾಗುವಷ್ಟರಲ್ಲಿ ಗೆರೆಯ ಸುತ್ತ ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಗುಲಾಬಿ ಅಂಚು. ಹವೆಯಲ್ಲಿ ತೇವವಿದ್ದ ದಿನ ಇನ್ನೂ ಜಾಸ್ತಿ.

ಬಿಳಿ ಪದರದ ಮೇಲ್ಭಾಗ ಒಣಗಿ ಗಟ್ಟಿಯಾದರೂ ಒಳಗೆ ಹಸಿ ಉಳಿಯುತ್ತದೆ ಎಂಬುದು ನನ್ನ ಗುಮಾನಿ. ಬಣ್ಣವೂ ಹೆಚ್ಚಾಗಿರಬಹುದು. ಕೆಂಪು ಕಲಸಿಟ್ಟು ಹೊತ್ತಾದಷ್ಟೂ ಗಾಢವಾಗುತ್ತದಲ್ಲ, ಹಿಂದಿನ ದಿನವೇ ಕಡಿಮೆ ಜೆಲ್ ಬಣ್ಣ ಕಲಸಿಟ್ಟರೆ ಸಾಕೇ? ಬಿಳಿ ಪದರ 8 ಗಂಟೆ ಆರಲೇಬೇಕೇ, ಫ್ಯಾನ್ ಕೆಳಗಿಟ್ಟು ಬೇಗ ಒಣಗಿಸಬಹುದೇ? ಇದೇ ತೊಂದರೆ ಸರಿಪಡಿಸಿಕೊಂಡವರು ನಿಮ್ಮ ಅಳತೆ, ಆರಿಸಿದ ಸಮಯ ಎರಡನ್ನೂ ದಯವಿಟ್ಟು ಬರೆಯಿರಿ. ಇನ್ನೂ 40 ಕುಕೀಗಳಿಗೆ ಬಣ್ಣ ಹಚ್ಚುವುದು ಬಾಕಿಯಿದೆ.